ಗಣಕೀಕೃತ ದೂರದರ್ಶಕ ಪೀಠ

ಗಣಕೀಕೃತ ದೂರದರ್ಶಕ ಪೀಠವು ದೂರದರ್ಶಕದ ನಳಿಕೆಯನ್ನು ಹೊತ್ತು, ಎರಡು ಅಕ್ಷಗಳ ಮೇಲೆ ಮೋಟಾರುಗಳ ನೆರವಿನಿಂದ ಅದನ್ನು ತಿರುಗಿಸಿ, ವೀಕ್ಷಕನು ಆಯ್ದ ಆಕಾಶಕಾಯದತ್ತ ತಾನಾಗಿಯೇ ಗುರಿಯಿಡುವ ಮತ್ತು ಆ ಕಾಯವನ್ನು ಹಿಂಬಾಲಿಸುವ ಸಾಧನವಾಗಿದೆ. ಹವ್ಯಾಸಿ ಖಗೋಳವೀಕ್ಷಕರಲ್ಲಿ ಇದು ‘ಗೋ-ಟು ಮೌಂಟ್’ ಎಂಬ ಹೆಸರಿನಿಂದ ಪರಿಚಿತ. ಕೈಯಲ್ಲಿ ಹಿಡಿಯುವ ನಿಯಂತ್ರಕದಲ್ಲಿ ಅಥವಾ ಮೊಬೈಲ್ ಫೋನಿನಲ್ಲಿ ಶನಿ ಗ್ರಹವನ್ನೋ ಒಂದು ನೀಹಾರಿಕೆಯನ್ನೋ ಆರಿಸಿದರೆ ಪೀಠವು ಸದ್ದು ಮಾಡುತ್ತ ತಿರುಗಿ ಆ ದಿಕ್ಕಿನಲ್ಲಿ ನಿಲ್ಲುತ್ತದೆ.

ಸಾಮಾನ್ಯ ಪೀಠಕ್ಕೆ ಆಕಾಶವು ಕಾಣುವುದಿಲ್ಲ ಎಂಬುದನ್ನು ಇಲ್ಲಿ ಮುಖ್ಯವಾಗಿ ನೆನಪಿಡಬೇಕು. ಅದಕ್ಕೆ ತಿಳಿದಿರುವುದು ಬಳಕೆದಾರನು ಕೊಟ್ಟ ಸ್ಥಳ, ದಿನಾಂಕ ಮತ್ತು ವೇಳೆ, ಜೋಡಣೆಗೆ ತೋರಿಸಿದ ನಕ್ಷತ್ರಗಳು, ಹಾಗೂ ತನ್ನ ಮೋಟಾರುಗಳು ಎಷ್ಟು ತಿರುಗಿದವು ಎಂಬ ಎಣಿಕೆ ಮಾತ್ರ. ಹೊಸ ಬಳಕೆದಾರರು ‘ಯಂತ್ರ ಕೆಟ್ಟಿದೆ’ ಎಂದು ಭಾವಿಸುವ ಹಲವು ಸಂದರ್ಭಗಳಲ್ಲಿ ಯಂತ್ರವು ಸರಿಯಾಗಿಯೇ ಲೆಕ್ಕ ಹಾಕಿರುತ್ತದೆ. ಅದಕ್ಕೆ ದೊರೆತ ಮಾಹಿತಿ ತಪ್ಪಾಗಿರುತ್ತದೆ. ಗುರಿ ಎಷ್ಟು ತಪ್ಪಿದೆ, ಯಾವ ದಿಕ್ಕಿಗೆ ತಪ್ಪಿದೆ ಎಂಬುದನ್ನು ಗಮನಿಸಿದರೆ ಯಾವ ಮಾಹಿತಿ ತಪ್ಪೆಂಬುದನ್ನು ಬಹುಮಟ್ಟಿಗೆ ಊಹಿಸಬಹುದು.

ಹಿನ್ನೆಲೆ

ಭೂಮಿಯ ಆವರ್ತನೆಯನ್ನು ಸರಿದೂಗಿಸಲು ದೂರದರ್ಶಕವನ್ನು ಯಂತ್ರದಿಂದ ತಿರುಗಿಸುವ ಪದ್ಧತಿ ಹಳೆಯದು. ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್ ನಿರ್ಮಿಸಿ 1824ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ (ಇಂದಿನ ಎಸ್ಟೋನಿಯದ ಟಾರ್ಟು) ಒದಗಿಸಿದ ದೂರದರ್ಶಕವು ಗಡಿಯಾರದ ಯಂತ್ರದಿಂದ ನಕ್ಷತ್ರಗಳನ್ನು ಹಿಂಬಾಲಿಸುತ್ತಿತ್ತು. ಗಣಕದ ನಿಯಂತ್ರಣವು ದೊಡ್ಡ ಪ್ರಮಾಣದಲ್ಲಿ ಬಂದದ್ದು 1970ರ ದಶಕದಲ್ಲಿ. ಸೋವಿಯತ್ ಒಕ್ಕೂಟದ 6 ಮೀಟರ್ ವ್ಯಾಸದ ಬಿಟಿಎ ದೂರದರ್ಶಕವನ್ನು ಆಲ್ಟಜಿಮತ್ ಪೀಠದ ಮೇಲೆ ನಿಲ್ಲಿಸಲು ಸಾಧ್ಯವಾದದ್ದು ಗಣಕವಿದ್ದುದರಿಂದಲೇ. ಹವ್ಯಾಸಿಗಳಲ್ಲಿ ಈ ಸೌಲಭ್ಯವನ್ನು ವ್ಯಾಪಕಗೊಳಿಸಿದ್ದು 1992ರಲ್ಲಿ ಬಂದ ಮೀಡ್ ಸಂಸ್ಥೆಯ ಎಲ್‌ಎಕ್ಸ್200. ದಶಕದ ಕೊನೆಯಲ್ಲಿ ಅದೇ ಸಂಸ್ಥೆಯ ಆಟೋಸ್ಟಾರ್ ಮತ್ತು ಸೆಲೆಸ್ಟ್ರಾನ್ ಸಂಸ್ಥೆಯ ನೆಕ್ಸ್‌ಸ್ಟಾರ್ ನಿಯಂತ್ರಕಗಳು ಚಿಕ್ಕ ದೂರದರ್ಶಕಗಳಿಗೂ ಬಂದವು.

ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು ಆಲ್ಟಜಿಮತ್ ಪೀಠವನ್ನು ಹೊಂದಿದ್ದು, ಅದನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಿಯಂತ್ರಿಸಲಾಗುತ್ತದೆ. ಮನೆಯ ತಾರಸಿಯ ಮೇಲಿನ ಚಿಕ್ಕ ಪೀಠವೂ ತತ್ತ್ವದಲ್ಲಿ ಇದೇ ಕೆಲಸವನ್ನು ಮಾಡುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಪೀಠಗಳಲ್ಲಿ ಮುಖ್ಯವಾಗಿ ಎರಡು ಬಗೆ. ಆಲ್ಟಜಿಮತ್ ಪೀಠದಲ್ಲಿ ಒಂದು ಅಕ್ಷವು ದಿಗಂಶದಲ್ಲಿ, ಅಂದರೆ ಕ್ಷಿತಿಜಕ್ಕೆ ಸಮಾಂತರವಾಗಿ ತಿರುಗುತ್ತದೆ. ಇನ್ನೊಂದು ಉನ್ನತಿಯಲ್ಲಿ, ಅಂದರೆ ಮೇಲೆ ಕೆಳಗೆ ಚಲಿಸುತ್ತದೆ. ಈಕ್ವಟೋರಿಯಲ್ ಪೀಠದಲ್ಲಿ ಒಂದು ಅಕ್ಷವನ್ನು ಖಗೋಳ ಧ್ರುವದತ್ತ ವಾಲಿಸಲಾಗಿರುತ್ತದೆ. ಇದರಿಂದ ಆ ಒಂದೇ ಅಕ್ಷವನ್ನು ಸ್ಥಿರವೇಗದಲ್ಲಿ ತಿರುಗಿಸಿದರೆ ನಕ್ಷತ್ರವು ದೃಷ್ಟಿಕ್ಷೇತ್ರದಲ್ಲಿ ನಿಲ್ಲುತ್ತದೆ. ಆ ವೇಗವನ್ನು ನಾಕ್ಷತ್ರಿಕ ದಿನವು ನಿರ್ಧರಿಸುತ್ತದೆ: 23 ಗಂಟೆ 56 ನಿಮಿಷ 4 ಸೆಕೆಂಡುಗಳಿಗೆ ಒಂದು ಸುತ್ತು, ಅಂದರೆ ಸೆಕೆಂಡಿಗೆ ಸುಮಾರು 15 ಕೋನಸೆಕೆಂಡು. ಆಲ್ಟಜಿಮತ್ ಪೀಠದಲ್ಲಿ ಎರಡೂ ಮೋಟಾರುಗಳು ಸದಾ ಬದಲಾಗುವ ವೇಗದಲ್ಲಿ ಓಡಬೇಕಾಗುತ್ತದೆ.

ಮೋಟಾರಿನ ತಿರುಗುವಿಕೆಯನ್ನು ಹಲ್ಲುಗಾಲಿಗಳ ಸರಣಿಯೊಂದು ಬಹಳ ನಿಧಾನಗೊಳಿಸಿ ಅಕ್ಷಕ್ಕೆ ತಲುಪಿಸುತ್ತದೆ. ಕೊನೆಯ ಹಂತದಲ್ಲಿ ಸಾಮಾನ್ಯವಾಗಿ ತಿರುಪಿನಂತಿರುವ ‘ವರ್ಮ್’ ಎಂಬ ದಂಡವೊಂದು ದೊಡ್ಡ ಹಲ್ಲುಗಾಲಿಯನ್ನು ತಳ್ಳುತ್ತದೆ. ಉದಾಹರಣೆಗೆ, ಹೆಚ್ಚು ಬಳಕೆಯಲ್ಲಿರುವ ಸ್ಕೈ-ವಾಚರ್ ಇಕ್ಯೂ6 ಪೀಠದ ದೊಡ್ಡ ಗಾಲಿಗೆ 180 ಹಲ್ಲುಗಳಿವೆ. ಅಕ್ಷದ ಒಂದು ಪೂರ್ಣ ಸುತ್ತಿಗೆ ಅದರ ಮೋಟಾರು 90,24,000 ಸೂಕ್ಷ್ಮ ಹೆಜ್ಜೆಗಳನ್ನು ಇಡುತ್ತದೆ. ಒಂದು ಹೆಜ್ಜೆ ಎಂದರೆ 0.144 ಕೋನಸೆಕೆಂಡು.

ಹಲವು ಪೀಠಗಳಲ್ಲಿ ಈ ಎಣಿಕೆ ನಡೆಯುವುದು ಮೋಟಾರಿನ ಬಳಿ, ನಳಿಕೆಯ ಬಳಿ ಅಲ್ಲ. ಜೋಡಣೆಯ ನಂತರ ಯಾರಾದರೂ ಅಕ್ಷದ ಹಿಡಿಕೆಯನ್ನು ಸಡಿಲಿಸಿ ನಳಿಕೆಯನ್ನು ಕೈಯಿಂದ ತಿರುಗಿಸಿದರೆ, ಅಥವಾ ಕತ್ತಲಲ್ಲಿ ಮುಕ್ಕಾಲಿಗೆ ಕಾಲು ತಾಗಿದರೆ, ಗಣಕಕ್ಕೆ ಅದು ಗೊತ್ತಾಗುವುದೇ ಇಲ್ಲ. ಅಕ್ಷದ ಮೇಲೆಯೇ ಎರಡನೆಯ ಎಣಿಕೆಯಂತ್ರವನ್ನು ಹೊಂದಿರುವ ಕೆಲವು ಪೀಠಗಳು ಮಾತ್ರ ಕೈಯಿಂದ ತಿರುಗಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಮುಕ್ಕಾಲಿ ಜರುಗಿದ್ದನ್ನು ಅವೂ ಅರಿಯಲಾರವು.

ಅಳವಡಿಕೆ

ನೆಲ ಗಟ್ಟಿಯಾಗಿರಬೇಕು. ಮನೆಯ ತಾರಸಿಯಲ್ಲಿ ವೀಕ್ಷಕನ ಹೆಜ್ಜೆಯೇ ಹೆಚ್ಚಿನ ವರ್ಧನೆಯಲ್ಲಿ ಚಿತ್ರವನ್ನು ಕುಣಿಸುತ್ತದೆ. ಹಗಲಿಡೀ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಬಹಳ ಹೊತ್ತು ಬಿಸಿಗಾಳಿಯನ್ನು ಮೇಲೆಬ್ಬಿಸುತ್ತದೆ. ಸಾಧ್ಯವಿದ್ದಲ್ಲಿ ಅಂಗಳದ ಮಣ್ಣುನೆಲವೇ ಉತ್ತಮ. ಮುಕ್ಕಾಲಿಯನ್ನು ಮಟ್ಟಗೋಲಿನಿಂದ ಸಮಗೊಳಿಸಬೇಕು, ಆದರೆ ಇದರಲ್ಲಿ ಕೂದಲು ಸೀಳುವ ಅಗತ್ಯವಿಲ್ಲ: ಎರಡು ಅಥವಾ ಮೂರು ನಕ್ಷತ್ರಗಳಿಂದ ಜೋಡಣೆ ಮಾಡಿದಾಗ ತಂತ್ರಾಂಶವು ಪೀಠದ ಓರೆಯನ್ನು ಲೆಕ್ಕದಲ್ಲಿ ಸರಿಪಡಿಸುತ್ತದೆ. ನಳಿಕೆಯ ಸಮತೋಲನವನ್ನು ಮಾತ್ರ ಅಲಕ್ಷಿಸಬಾರದು. ಐಪೀಸ್ ಅಥವಾ ಕ್ಯಾಮೆರಾ ಹಾಕಿದ ಸ್ಥಿತಿಯಲ್ಲಿಯೇ ಅದನ್ನು ನೋಡಿಕೊಳ್ಳಬೇಕು.

ಫೈಂಡರ್ ಎಂಬ ಶೋಧಕ ದೂರದರ್ಶಕವನ್ನು ಮುಖ್ಯ ನಳಿಕೆಗೆ ಹೊಂದಿಸುವ ಕೆಲಸವನ್ನು ಹಗಲಿನಲ್ಲಿ ದೂರದ ಮೊಬೈಲ್ ಗೋಪುರದಂಥ ವಸ್ತುವನ್ನು ನೋಡಿ ಮುಗಿಸಿಕೊಂಡರೆ ರಾತ್ರಿಯ ಅರ್ಧ ಶ್ರಮ ಉಳಿಯುತ್ತದೆ. ಹೀಗೆ ಮಾಡುವಾಗ ನಳಿಕೆಯು ಸೂರ್ಯನ ಹತ್ತಿರ ಸುಳಿಯಬಾರದು. ಮುಂಭಾಗದಲ್ಲಿ ಸೂಕ್ತ ಸೌರ ಶೋಧಕವಿಲ್ಲದ ದೂರದರ್ಶಕದ ಮೂಲಕ ಸೂರ್ಯನನ್ನು ಕ್ಷಣಕಾಲ ನೋಡಿದರೂ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಗಣಕೀಕೃತ ಪೀಠದಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಒಂದು ಗುರಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ಆರಿಸುವುದು ಯಂತ್ರವೇ ಹೊರತು ವೀಕ್ಷಕನಲ್ಲ. ಹಗಲಿನಲ್ಲಿ ಪೀಠವು ತಿರುಗುವಾಗ ನಳಿಕೆಗೂ ಶೋಧಕಕ್ಕೂ ಮುಚ್ಚಳವಿರಲೇಬೇಕು.

ಅನಂತರ ಸ್ಥಳ ಮತ್ತು ವೇಳೆಯನ್ನು ದಾಖಲಿಸಬೇಕು. ಬೆಂಗಳೂರಿಗೆ ಅಕ್ಷಾಂಶ ಉತ್ತರ 12 ಡಿಗ್ರಿ 58 ನಿಮಿಷ, ರೇಖಾಂಶ ಪೂರ್ವ 77 ಡಿಗ್ರಿ 35 ನಿಮಿಷ. ಮೊಬೈಲ್ ನಕ್ಷೆಗಳು 12.97 ಎಂದು ದಶಾಂಶದಲ್ಲಿ ತೋರಿಸುವುದರಿಂದ ಅದನ್ನು ಕೋನನಿಮಿಷಗಳಿಗೆ ಪರಿವರ್ತಿಸಿ ಬರೆಯಬೇಕು. ಭಾರತೀಯ ಶಿಷ್ಟಕಾಲದ ವಲಯ +5:30. ‘ಡೇಲೈಟ್ ಸೇವಿಂಗ್’ ಎಂಬ ಬೇಸಗೆ ಕಾಲದ ಆಯ್ಕೆಗೆ ಯಾವಾಗಲೂ ‘ಇಲ್ಲ’ ಎಂದೇ ಉತ್ತರಿಸಬೇಕು. ನೆಕ್ಸ್‌ಸ್ಟಾರ್, ಸಿನ್‌ಸ್ಕ್ಯಾನ್ ಮುಂತಾದ ನಿಯಂತ್ರಕಗಳು ದಿನಾಂಕವನ್ನು ಅಮೆರಿಕದ ಕ್ರಮದಲ್ಲಿ, ಅಂದರೆ ತಿಂಗಳು ಮೊದಲು ದಿನ ಅನಂತರ ಎಂಬಂತೆ, ಕೇಳುತ್ತವೆ. ಏಪ್ರಿಲ್ 3 ಎಂದು ಹೇಳಲು ನಮ್ಮ ರೂಢಿಯಂತೆ 03-04 ಎಂದು ಒತ್ತಿದರೆ ಅದು ಮಾರ್ಚ್ 4 ಎಂದು ತಿಳಿಯುತ್ತದೆ.

ಕೊನೆಯದು ನಕ್ಷತ್ರ ಜೋಡಣೆ. ಗಣಕವು ಸೂಚಿಸಿದ ಪ್ರಕಾಶಮಾನ ನಕ್ಷತ್ರವನ್ನು ದೃಷ್ಟಿಕ್ಷೇತ್ರದ ನಡುವೆ ತಂದು ಗುಂಡಿಯೊತ್ತಿ ಒಪ್ಪಿಗೆ ನೀಡುವುದೇ ಈ ಕ್ರಮ. ಆರಿಸಿದ ನಕ್ಷತ್ರಗಳು ಒಂದರಿಂದೊಂದು ದೂರದಲ್ಲಿರಬೇಕು. ಕ್ಷಿತಿಜಕ್ಕೆ ತೀರ ಹತ್ತಿರವೂ ನೆತ್ತಿಯ ಮೇಲೂ ಇರಬಾರದು. ಬೆಂಗಳೂರಿನಲ್ಲಿ ಮಘಾ ನಕ್ಷತ್ರವು ಖಮಧ್ಯದಿಂದ ಸುಮಾರು 1 ಡಿಗ್ರಿಯಷ್ಟೇ ದೂರದಲ್ಲಿ ಹಾದುಹೋಗುತ್ತದೆ. ಆ ಹೊತ್ತಿನಲ್ಲಿ ಆಲ್ಟಜಿಮತ್ ಪೀಠಕ್ಕೆ ಅದರ ದಿಗಂಶವು ಕೆಲವೇ ನಿಮಿಷಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೊರಳುವುದರಿಂದ ಜೋಡಣೆಗೆ ಅದು ಪ್ರಯೋಜನವಿಲ್ಲ. ನಕ್ಷತ್ರವನ್ನು ನಡುವೆ ತರುವಾಗ ಕೊನೆಯ ಚಲನೆಯನ್ನು ಸದಾ ಒಂದೇ ದಿಕ್ಕಿನಿಂದ, ರೂಢಿಯಂತೆ ಮೇಲಿನ ಮತ್ತು ಬಲದ ಗುಂಡಿಗಳಿಂದ, ಮುಗಿಸಬೇಕು. ಹಲ್ಲುಗಾಲಿಗಳ ನಡುವಿನ ಸಡಿಲವು ಪ್ರತಿ ಸಲವೂ ಒಂದೇ ಕಡೆಗೆ ಬಿಗಿಯಾಗಿರಲಿ ಎಂಬುದು ಇದರ ಉದ್ದೇಶ.

ನಕ್ಷತ್ರಗಳ ಗುರುತೇ ತಪ್ಪಿದರೆ ಮುಂದಿನದೆಲ್ಲವೂ ತಪ್ಪುತ್ತದೆ. ನಿಯಂತ್ರಕದ ಪಟ್ಟಿಯಲ್ಲಿ ಪಾಶ್ಚಾತ್ಯ ಹೆಸರುಗಳೇ ಇರುವುದರಿಂದ ಪಂಚಾಂಗದ ಹೆಸರುಗಳನ್ನು ಬಲ್ಲವರು ಅವನ್ನು ಹೊಂದಿಸಿಕೊಂಡಿರಬೇಕು: ಸ್ವಾತಿ ಎಂದರೆ ಆರ್ಕ್ಟ್ಯೂರಸ್, ಚಿತ್ರಾ ಸ್ಪೈಕಾ, ಅಭಿಜಿತ್ ವೇಗಾ, ಶ್ರವಣ ಆಲ್ಟೇರ್, ರೋಹಿಣಿ ಆಲ್ಡೆಬರಾನ್, ಲುಬ್ಧಕ ಸಿರಿಯಸ್, ಅಗಸ್ತ್ಯ ಕ್ಯಾನೋಪಸ್, ಜ್ಯೇಷ್ಠಾ ಆಂಟಾರೆಸ್.

ಕರ್ನಾಟಕದಲ್ಲಿ ಧ್ರುವ ಜೋಡಣೆ

ಈಕ್ವಟೋರಿಯಲ್ ಪೀಠದ ಧ್ರುವಾಕ್ಷವನ್ನು ಕ್ಷಿತಿಜದಿಂದ ಸ್ಥಳದ ಅಕ್ಷಾಂಶಕ್ಕೆ ಸಮನಾದ ಕೋನದಲ್ಲಿ ಎತ್ತಬೇಕು. ಕರ್ನಾಟಕವು ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇರುವುದರಿಂದ ಇಲ್ಲಿ ಧ್ರುವವು ಬಹಳ ತಗ್ಗಿನಲ್ಲಿದೆ. ಯುರೋಪ್ ಮತ್ತು ಅಮೆರಿಕದ ವೀಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೈಪಿಡಿಗಳು ಈ ತೊಡಕನ್ನು ಗಮನಿಸುವುದು ಕಡಿಮೆ. ನಗರದಲ್ಲಿ ಎದುರು ಮನೆಯ ನೀರಿನ ತೊಟ್ಟಿಯೇ ಧ್ರುವನಕ್ಷತ್ರವನ್ನು ಮರೆಮಾಡಬಹುದು. ಮರೆಯಿಲ್ಲದಲ್ಲಿಯೂ ಧೂಳು ಮತ್ತು ಬೆಳಕಿನ ಮಬ್ಬಿನಲ್ಲಿ ಅದು ಕಳೆದುಹೋಗುತ್ತದೆ. ಕೆಲವು ಪೀಠಗಳಲ್ಲಿ ಇಷ್ಟು ಕಡಿಮೆ ಕೋನಕ್ಕೆ ಇಳಿಸಿದಾಗ ಪ್ರತಿತೂಕದ ದಂಡವು ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ಕೆಲವು ಅಷ್ಟು ಕೆಳಕ್ಕೆ ಇಳಿಯುವುದೇ ಇಲ್ಲ. ಕೊಳ್ಳುವ ಮುನ್ನ ಪೀಠದ ಅಕ್ಷಾಂಶ ಮಿತಿಯನ್ನು ನೋಡಿಕೊಳ್ಳುವುದು ಬುದ್ಧಿವಂತಿಕೆ.

ಧ್ರುವನಕ್ಷತ್ರವು ನಿಜವಾದ ಧ್ರುವದಲ್ಲಿಲ್ಲ, ಅದರಿಂದ ಸುಮಾರು 0.6 ಡಿಗ್ರಿ ದೂರದಲ್ಲಿದೆ. ಧ್ರುವಾಕ್ಷದೊಳಗಿನ ಕಿರುದರ್ಶಕದಲ್ಲಿ ಅದನ್ನು ನಡುವೆ ಇಡದೆ, ಆ ವೇಳೆಗೆ ತಕ್ಕಂತೆ ವೃತ್ತದ ಮೇಲೆ ಇಡಬೇಕು. ದಿಕ್ಸೂಚಿಯಿಂದ ಉತ್ತರವನ್ನು ಅಂದಾಜು ಮಾಡಬಹುದಾದರೂ ತಾರಸಿಯೊಳಗಿನ ಕಬ್ಬಿಣದ ಸರಳುಗಳು ಅದರ ಮುಳ್ಳನ್ನು ಎಳೆಯುತ್ತವೆ.

ಧ್ರುವನಕ್ಷತ್ರ ಕಾಣದಿದ್ದಾಗ ‘ಡ್ರಿಫ್ಟ್’ ವಿಧಾನವು ನೆರವಿಗೆ ಬರುತ್ತದೆ. ಯಾಮ್ಯೋತ್ತರ ವೃತ್ತದ ಹತ್ತಿರ, ಖಗೋಳ ವಿಷುವದ್ವೃತ್ತದ ಬಳಿ ಇರುವ ಒಂದು ನಕ್ಷತ್ರವನ್ನು ಕೆಲವು ನಿಮಿಷ ಹಿಂಬಾಲಿಸಿ ನೋಡಬೇಕು. ಅದು ದಕ್ಷಿಣಕ್ಕೆ ಜಾರಿದರೆ ಧ್ರುವಾಕ್ಷವು ಧ್ರುವದ ಪೂರ್ವಕ್ಕಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕಿದೆ. ಬಳಿಕ ಪೂರ್ವ ದಿಕ್ಕಿನಲ್ಲಿ ತಗ್ಗಿನಲ್ಲಿರುವ ನಕ್ಷತ್ರವನ್ನು ಹಿಡಿಯಬೇಕು. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವು ಬೇಕಾದುದಕ್ಕಿಂತ ಕೆಳಗಿದೆ, ಉತ್ತರಕ್ಕೆ ಜಾರಿದರೆ ಮೇಲಿದೆ. ಅಕ್ಷವು ಧ್ರುವದಿಂದ 10 ಕೋನನಿಮಿಷ ತಪ್ಪಿದ್ದರೆ ನಕ್ಷತ್ರವು ನಿಮಿಷಕ್ಕೆ ಹೆಚ್ಚೆಂದರೆ 2.6 ಕೋನಸೆಕೆಂಡಿನಷ್ಟು ಜಾರುತ್ತದೆ. ಕಣ್ಣಿನಿಂದ ನೋಡುವವರಿಗೆ ಇದು ಲೆಕ್ಕಕ್ಕಿಲ್ಲ. ದೀರ್ಘಕಾಲದ ಛಾಯಾಚಿತ್ರ ತೆಗೆಯುವವರಿಗೆ ನಕ್ಷತ್ರಗಳು ಗೆರೆಗಳಾಗಲು ಇಷ್ಟು ಸಾಕು. ನಕ್ಷತ್ರ ಜೋಡಣೆಯು ಗುರಿಯಿಡುವಿಕೆಯನ್ನಷ್ಟೇ ಸರಿಪಡಿಸುತ್ತದೆ, ಈ ಜಾರುವಿಕೆಯನ್ನಲ್ಲ ಎಂಬ ವ್ಯತ್ಯಾಸವನ್ನು ಹಲವರು ಗಮನಿಸುವುದಿಲ್ಲ.

ತಪ್ಪಿನ ಅಳತೆಯಿಂದ ದೋಷಪತ್ತೆ

ಜೋಡಣೆಯ ಮೊದಲ ನಕ್ಷತ್ರಕ್ಕಾಗಿ ಪೀಠವು ತಾನಾಗಿ ತಿರುಗಿ ನಿಂತಾಗ, ಗುಂಡಿ ಮುಟ್ಟುವ ಮೊದಲು ನಕ್ಷತ್ರವು ಎಷ್ಟು ದೂರದಲ್ಲಿದೆ ಎಂದು ನೋಡಬೇಕು. ಇದು ಇಡೀ ರಾತ್ರಿಯ ಅತ್ಯಂತ ಉಪಯುಕ್ತ ಮಾಹಿತಿ. ಒಮ್ಮೆ ನಕ್ಷತ್ರವನ್ನು ನಡುವೆ ತಂದು ಒಪ್ಪಿಗೆ ಕೊಟ್ಟ ಮೇಲೆ ಆ ತಪ್ಪು ಗಣಕದ ಲೆಕ್ಕದೊಳಗೆ ಅಡಗಿಹೋಗುತ್ತದೆ. ಕೋನವನ್ನು ಅಳೆಯಲು ಚಾಚಿದ ಕೈಯೇ ಸಾಕು: ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ.

ಆಕಾಶವು ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಆದ್ದರಿಂದ ಕಾಲವಲಯವನ್ನು +5:30ರ ಬದಲು +5 ಎಂದು ಇಟ್ಟರೆ, ವಿಷುವದ್ವೃತ್ತದ ಬಳಿಯ ನಕ್ಷತ್ರದಿಂದ 7.5 ಡಿಗ್ರಿ ಪಶ್ಚಿಮಕ್ಕೆ ನಳಿಕೆ ನಿಲ್ಲುತ್ತದೆ. ಅರ್ಧ ಗಂಟೆಯ ವಲಯವಿರುವ ಭಾರತದಲ್ಲಿ ಈ ಮುಕ್ಕಾಲು ಮುಷ್ಟಿಯ ತಪ್ಪು ಕಂಡ ಕೂಡಲೇ ಕಾಲವಲಯವನ್ನು ಸಂದೇಹಿಸಬೇಕು. ಬೇಸಗೆ ಕಾಲದ ಆಯ್ಕೆ ಚಾಲೂ ಇದ್ದರೆ ತಪ್ಪು 15 ಡಿಗ್ರಿ, ಅದೂ ಪೂರ್ವಕ್ಕೆ. ಧ್ರುವದ ಹತ್ತಿರದ ನಕ್ಷತ್ರಗಳಲ್ಲಿ ಈ ಅಳತೆಗಳು ಕುಗ್ಗುತ್ತವೆ. ದಿನಾಂಕವು ಒಂದು ದಿನ ತಪ್ಪಿದರೆ ಸುಮಾರು 1 ಡಿಗ್ರಿ, ಒಂದು ತಿಂಗಳು ತಪ್ಪಿದರೆ ಸುಮಾರು 30 ಡಿಗ್ರಿ. ಪೂರ್ವಾಹ್ನ ಅಪರಾಹ್ನಗಳು ಅದಲುಬದಲಾದರೆ, ಅಥವಾ ಪೂರ್ವ ರೇಖಾಂಶದ ಬದಲು ಪಶ್ಚಿಮ ಎಂದು ದಾಖಲಾದರೆ, ಗಣಕವು ನೆಲದಡಿಯ ನಕ್ಷತ್ರಗಳನ್ನು ಹುಡುಕಲು ಹೊರಟು ನಳಿಕೆಯನ್ನು ಮಣ್ಣಿನತ್ತ ಬಾಗಿಸುತ್ತದೆ. ರೇಖಾಂಶದಲ್ಲಿ ಒಂದು ಡಿಗ್ರಿಯ ತಪ್ಪು ಆಕಾಶದಲ್ಲಿಯೂ ಒಂದು ಡಿಗ್ರಿಯೇ. ಬೆಂಗಳೂರಿನ ಸ್ಥಳವನ್ನು ಬದಲಿಸದೆ ಮಂಗಳೂರಿನಲ್ಲಿ ಬಳಸಿದರೆ ಮೊದಲ ಗುರಿ ಮೂರು ಡಿಗ್ರಿಗೆ ಸ್ವಲ್ಪ ಕಡಿಮೆ ತಪ್ಪುತ್ತದೆಯಷ್ಟೆ. ಇದನ್ನು ಜೋಡಣೆ ಸರಿಪಡಿಸುತ್ತದೆ.

ವೇಳೆಯ ತಪ್ಪು ಜೋಡಣೆಯಲ್ಲಿ ಅಡಗಿದರೂ ಚಂದ್ರನು ಅದನ್ನು ಬಯಲು ಮಾಡುತ್ತಾನೆ. ಚಂದ್ರನು ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ಅರ್ಧ ಡಿಗ್ರಿ ಚಲಿಸುವುದರಿಂದ ಅರ್ಧ ಗಂಟೆಯ ತಪ್ಪಿಗೆ ಕಾಲು ಡಿಗ್ರಿ, ಅಂದರೆ ಚಂದ್ರಬಿಂಬದ ಅರ್ಧದಷ್ಟು, ವ್ಯತ್ಯಾಸ ಬರುತ್ತದೆ. ನಕ್ಷತ್ರಗಳೆಲ್ಲ ನಡುವೆ ಬಂದು ಚಂದ್ರ ಮಾತ್ರ ಬದಿಗೆ ಸರಿದಿದ್ದರೆ ಮೊದಲು ಗಡಿಯಾರವನ್ನು ನೋಡಬೇಕು.

ಪೀಠವನ್ನು ಕಂಪ್ಯೂಟರಿನಿಂದ ನಡೆಸುವಾಗ ಎಲ್ಲ ಗುರಿಗಳೂ ಡಿಗ್ರಿಯ ಮೂರನೆಯ ಒಂದು ಭಾಗದಷ್ಟು ಸರಿದಿದ್ದರೆ ಕಾರಣ ಬೇರೆ. ವಿಷುವಾಯನದಿಂದಾಗಿ ನಕ್ಷತ್ರಗಳ ನಿರ್ದೇಶಾಂಕಗಳು ವರ್ಷಕ್ಕೆ ಸುಮಾರು 50 ಕೋನಸೆಕೆಂಡು ಬದಲಾಗುತ್ತವೆ. 2000ದಿಂದ 2025ರವರೆಗೆ ಇದು 21 ಕೋನನಿಮಿಷವಾಗಿದೆ. ತಂತ್ರಾಂಶವು 2000ನೇ ಇಸವಿಯ ನಿರ್ದೇಶಾಂಕಗಳನ್ನು ಕಳುಹಿಸುತ್ತ ಪೀಠವು ಇಂದಿನವನ್ನು ನಿರೀಕ್ಷಿಸುತ್ತಿದ್ದರೆ ಈ ಅಂತರ ಉಂಟಾಗುತ್ತದೆ.

ತಪ್ಪು ಪ್ರತಿ ಸಲವೂ ಬೇರೆ ಬೇರೆ ಕಡೆಗೆ ಬೀಳುತ್ತಿದ್ದರೆ ಅದು ಲೆಕ್ಕದ ದೋಷವಲ್ಲ, ಯಾವುದೋ ತಿರುಪು ಸಡಿಲವಾಗಿದೆ ಅಥವಾ ಅಕ್ಷದ ಹಿಡಿತ ಜಾರುತ್ತಿದೆ. ಆಕಾಶದ ಪೂರ್ವಾರ್ಧದಲ್ಲಿ ಸರಿಯಿದ್ದು ಪಶ್ಚಿಮಾರ್ಧದಲ್ಲಿ ತಪ್ಪುತ್ತಿದ್ದರೆ, ಈಕ್ವಟೋರಿಯಲ್ ಪೀಠದಲ್ಲಿ ನಳಿಕೆಯು ತನ್ನ ಆಸನದ ಮೇಲೆ ತುಸು ಓರೆಯಾಗಿ ಕುಳಿತಿರಬಹುದು. ಎರಡೂ ಕಡೆಯ ನಕ್ಷತ್ರಗಳನ್ನು ಜೋಡಣೆಗೆ ಬಳಸುವುದು ಇದಕ್ಕೆ ಪರಿಹಾರ. ಗುರಿ ಸರಿಯಾಗಿ ಸಿಕ್ಕರೂ ಕಾಯವು ನಿಮಿಷಗಳಲ್ಲಿ ಹೊರಗೆ ಓಡುತ್ತಿದ್ದರೆ, ಹಿಂಬಾಲಿಸುವ ಆಯ್ಕೆ ನಿಂತಿದೆಯೇ ಅಥವಾ ದಕ್ಷಿಣಾರ್ಧಗೋಳಕ್ಕೆ ಹೊಂದಿಸಿ ಹಿಮ್ಮುಖವಾಗಿದೆಯೇ ಎಂದು ಪರೀಕ್ಷಿಸಬೇಕು.

ವಿದ್ಯುತ್ ಮತ್ತು ಸಂಪರ್ಕ

ಬಹುತೇಕ ಪೀಠಗಳು 12 ವೋಲ್ಟ್ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ನಿಧಾನವಾಗಿ ಹಿಂಬಾಲಿಸುವಾಗ ಬೇಕಾಗುವ ವಿದ್ಯುತ್ತು ಕಡಿಮೆ. ವೇಗವಾಗಿ ತಿರುಗುವಾಗ ಅದು ಹಲವು ಪಟ್ಟು ಏರುತ್ತದೆ. ಬಳಲಿದ ಬ್ಯಾಟರಿಯು ಆ ಕ್ಷಣದಲ್ಲಿ ಕುಸಿಯುವುದರಿಂದ ನಿಯಂತ್ರಕವು ಆರಿ ಮತ್ತೆ ಹೊತ್ತಿಕೊಂಡು ಜೋಡಣೆಯನ್ನೆಲ್ಲ ಮರೆಯುತ್ತದೆ. ನೆಕ್ಸ್‌ಸ್ಟಾರ್ ಪೀಠಗಳಲ್ಲಿ ‘ನೋ ರೆಸ್ಪಾನ್ಸ್ 16’ ಎಂಬ ಸಂದೇಶವು ದಿಗಂಶದ ಮೋಟಾರಿನೊಂದಿಗೆ, ‘17’ ಎಂಬುದು ಉನ್ನತಿಯ ಮೋಟಾರಿನೊಂದಿಗೆ ಸಂಪರ್ಕ ಕಡಿದಿದೆ ಎಂದು ತಿಳಿಸುತ್ತದೆ. ಇಂಥ ಸಂದೇಶ ಕಂಡಾಗ ಮೊದಲು ಪೂರ್ಣ ಚಾರ್ಜಾದ ಬೇರೆ ಬ್ಯಾಟರಿಯನ್ನು, ಬಳಿಕ ನಿಯಂತ್ರಕದ ತಂತಿಯ ಎರಡೂ ತುದಿಗಳನ್ನು ಪರೀಕ್ಷಿಸಬೇಕು. ಮುಖ್ಯ ವಿದ್ಯುತ್ ತಂತಿಯ ಸಡಿಲ ಪ್ಲಗ್ಗು ಹಳೆಯ ಶತ್ರು. ಅದನ್ನು ಮುಕ್ಕಾಲಿಯ ಕಾಲಿಗೆ ಕಟ್ಟಿದರೆ ಎಳೆತ ತಪ್ಪುತ್ತದೆ. ಅಂಗಡಿಯಲ್ಲಿ ಸಿಕ್ಕ ಬೇರೆ ಅಡಾಪ್ಟರನ್ನು ಬಳಸುವ ಮುನ್ನ ಅದರ ವೋಲ್ಟೇಜನ್ನೂ ಧನ-ಋಣ ತುದಿಗಳನ್ನೂ ಪೀಠದ ಮೇಲಿನ ಗುರುತಿನೊಂದಿಗೆ ಹೋಲಿಸಬೇಕು. ತಪ್ಪಿದರೆ ಸುಡುವುದು ನಿಯಂತ್ರಣ ಫಲಕ.

ಯಾಂತ್ರಿಕ ಮಿತಿಗಳು

ಯಾವ ವರ್ಮ್ ದಂಡವೂ ಪರಿಪೂರ್ಣವಾಗಿ ದುಂಡಗಿರುವುದಿಲ್ಲ. ಅದರ ಪ್ರತಿ ಸುತ್ತಿನಲ್ಲಿ ನಕ್ಷತ್ರವು ಅತ್ತಿತ್ತ ತುಯ್ದಾಡುತ್ತದೆ. ಇದನ್ನು ಆವರ್ತಕ ದೋಷ ಎನ್ನುತ್ತಾರೆ. 180 ಹಲ್ಲುಗಳ ಗಾಲಿಯಲ್ಲಿ ಇದರ ಅವಧಿ ಸುಮಾರು 8 ನಿಮಿಷ. ತುಯ್ತವು ಇದೇ ಅವಧಿಯಲ್ಲಿ ಮರುಕಳಿಸಿದರೆ ಮೂಲ ವರ್ಮ್ ದಂಡವೇ ಎಂದು ತಿಳಿಯಬಹುದು. ಹಲವು ನಿಯಂತ್ರಕಗಳು ಈ ತುಯ್ತವನ್ನು ದಾಖಲಿಸಿಕೊಂಡು ಅದಕ್ಕೆ ವಿರುದ್ಧವಾಗಿ ಮೋಟಾರನ್ನು ತಿದ್ದುತ್ತವೆ. ಗುಂಡಿಯೊತ್ತಿದ ಮೇಲೆ ನಕ್ಷತ್ರವು ಕೆಲವು ಕ್ಷಣ ತಡೆದು ಚಲಿಸಿದರೆ ಅದು ಹಲ್ಲುಗಳ ನಡುವಿನ ಸಡಿಲ. ವರ್ಮ್ ದಂಡವನ್ನು ಹತ್ತಿರ ಸರಿಸಿ ಇದನ್ನು ಕಡಿಮೆ ಮಾಡಬಹುದಾದರೂ ಅತಿಯಾಗಿ ಬಿಗಿದರೆ ಅಕ್ಷವೇ ಕಚ್ಚಿಕೊಳ್ಳುತ್ತದೆ. ನಿಯಂತ್ರಕದ ಪಟ್ಟಿಯಲ್ಲಿರುವ ಸಡಿಲ ಪರಿಹಾರದ ಸಂಖ್ಯೆಯನ್ನು ಮೊದಲು ಬದಲಿಸಿ ನೋಡುವುದು ಸುರಕ್ಷಿತ.

ಆಲ್ಟಜಿಮತ್ ಪೀಠಕ್ಕೆ ಇನ್ನೊಂದು ಮಿತಿಯಿದೆ. ಕಾಯವು ನಡುವೆಯೇ ನಿಂತರೂ ಸುತ್ತಲಿನ ಕ್ಷೇತ್ರವು ನಿಧಾನವಾಗಿ ಸುತ್ತುವುದರಿಂದ ದೀರ್ಘ ಛಾಯಾಚಿತ್ರಗಳ ಅಂಚಿನ ನಕ್ಷತ್ರಗಳು ಕಮಾನುಗಳಾಗುತ್ತವೆ. ಈ ಸುತ್ತುವಿಕೆ ನೇರ ಪೂರ್ವ ಮತ್ತು ನೇರ ಪಶ್ಚಿಮಗಳಲ್ಲಿ ಶೂನ್ಯ, ನೆತ್ತಿಯ ಬಳಿ ತೀವ್ರ. ಆದ್ದರಿಂದ ಇಂಥ ಪೀಠದಲ್ಲಿ ಚಿತ್ರ ತೆಗೆಯುವವರು ನೆತ್ತಿಯ ಪ್ರದೇಶವನ್ನು ಬಿಟ್ಟು ಪೂರ್ವ ಪಶ್ಚಿಮಗಳನ್ನು ಆರಿಸುತ್ತಾರೆ.

ಚಿತ್ರದಿಂದ ಸ್ಥಾನ ನಿರ್ಣಯ

ಇತ್ತೀಚಿನ ಸಾಧನಗಳಲ್ಲಿ ಕ್ಯಾಮೆರಾವೊಂದು ನಳಿಕೆ ನೋಡುತ್ತಿರುವ ಆಕಾಶದ ಚಿತ್ರವನ್ನು ತೆಗೆದು, ಅದರಲ್ಲಿರುವ ನಕ್ಷತ್ರಗಳ ವಿನ್ಯಾಸವನ್ನು ಪಟ್ಟಿಯೊಂದಿಗೆ ಹೋಲಿಸಿ ನಿಜವಾದ ದಿಕ್ಕನ್ನು ಕಂಡುಕೊಳ್ಳುತ್ತದೆ. ‘ಪ್ಲೇಟ್ ಸಾಲ್ವಿಂಗ್’ ಎಂಬ ಈ ವಿಧಾನದಲ್ಲಿ ಗಣಕವು ಮೊದಲ ಬಾರಿಗೆ ಆಕಾಶವನ್ನು ತಾನೇ ನೋಡುತ್ತದೆ. ಗುರಿಗೂ ಚಿತ್ರಕ್ಕೂ ಅಂತರವಿದ್ದರೆ ಪೀಠವನ್ನು ಮತ್ತೆ ಜರುಗಿಸಿ ಸರಿಪಡಿಸುತ್ತದೆ. ಆಸ್ಟ್ರೋಮೆಟ್ರಿ.ನೆಟ್ ಎಂಬ ಮುಕ್ತ ತಂತ್ರಾಂಶವು ಇದನ್ನು ಉಚಿತವಾಗಿ ಮಾಡಿಕೊಡುತ್ತದೆ. ಕಂಪ್ಯೂಟರಿನಿಂದ ಪೀಠವನ್ನು ನಡೆಸಲು ವಿಂಡೋಸ್‌ನಲ್ಲಿ ಆಸ್ಕಾಮ್ ಹಾಗೂ ಲಿನಕ್ಸ್‌ನಲ್ಲಿ ಇಂಡಿ ಎಂಬ ಮಧ್ಯವರ್ತಿ ತಂತ್ರಾಂಶಗಳು ಬಳಕೆಯಲ್ಲಿದ್ದು, ಸ್ಟೆಲೇರಿಯಂನಂಥ ಆಕಾಶ ನಕ್ಷೆಗಳು ಇವುಗಳ ಮೂಲಕ ಪೀಠದೊಂದಿಗೆ ಮಾತಾಡುತ್ತವೆ. ಪ್ಲೇಟ್ ಸಾಲ್ವಿಂಗ್ ಇದ್ದರೂ ದಿನಾಂಕ, ವೇಳೆ ಮತ್ತು ಸ್ಥಳಗಳು ಸರಿಯಿರಲೇಬೇಕು: ಯಾವ ಕಾಯವು ಕ್ಷಿತಿಜದ ಮೇಲಿದೆ, ನಳಿಕೆಯು ಯಾವಾಗ ಮುಕ್ಕಾಲಿಗೆ ಬಡಿಯಬಹುದು, ಯಾಮ್ಯೋತ್ತರ ವೃತ್ತವನ್ನು ದಾಟುವಾಗ ಈಕ್ವಟೋರಿಯಲ್ ಪೀಠವು ಯಾವ ಕ್ಷಣದಲ್ಲಿ ಮಗುಚಿಕೊಳ್ಳಬೇಕು ಎಂಬುದನ್ನು ಗಣಕವು ಈಗಲೂ ಆ ಸಂಖ್ಯೆಗಳಿಂದಲೇ ನಿರ್ಧರಿಸುತ್ತದೆ.